ಬಿಸಿಲಿನಿಂದ ಓಡುವ ಮೋಟಾರು: ಆಸ್ಟ್ರೇಲಿಯದ ಯಾಕಂಡಾಂಡಾ ಪ್ರಾಂತದ ಅನುಭವ

ಆಸ್ಟ್ರೇಲಿಯದ ವಿಕ್ಟೋರಿಯಾ ಸಂಸ್ಥಾನದ ಈಶಾನ್ಯ ಭಾಗದಲ್ಲಿ, ಮೆಲ್ಬರ್ನ್ ನಗರಕ್ಕೆ ಸುಮಾರು 300 ಕಿಲೋಮೀಟರು ದೂರದಲ್ಲಿ ಯಾಕಂಡಾಂಡಾ ಎಂಬ ಸಣ್ಣ ಊರುಂಟು. 1850ರ ಸುಮಾರಿನಲ್ಲಿ ಚಿನ್ನವನ್ನರಸಿ ಬಂದವರಿಂದ ಬೆಳೆದ ಊರಿದು. ಚಿನ್ನವು ಕ್ಷೀಣಿಸಿದ ಮೇಲೆ ಹುಲ್ಲುಗಾವಲು, ದನಕರು, ಮರಮುಟ್ಟುಗಳೇ ಜನರಿಗೆ ಆಧಾರವಾದುವು. ಆಸ್ಪತ್ರೆ, ದೊಡ್ಡ ಅಂಗಡಿ, ಉದ್ಯೋಗ ಇವುಗಳಿಗೆಲ್ಲಾ ಸುಮಾರು 30 ಕಿಲೋಮೀಟರು ದೂರದ ವೊಡಂಗಾ ಪಟ್ಟಣಕ್ಕೆ ಹೋಗಬೇಕು. ಮೋಟಾರು ಗಾಡಿಯಿಲ್ಲದೆ ಅಲ್ಲಿ ಸಂಸಾರ ನಡೆಯುವುದು ಕಷ್ಟ. ಆದಕಾರಣ ಪೆಟ್ರೋಲಿನ ಬೆಲೆಯು ಆ ಪ್ರಾಂತದ ಕುಟುಂಬಗಳಿಗೆ ನೇರವಾಗಿ ತಟ್ಟುವ ವಿಷಯವಾಗಿರುತ್ತದೆ.

2002ನೆಯ ಇಸವಿಯಲ್ಲಿ ಊರಿನ ಪೆಟ್ರೋಲು ಅಂಗಡಿಯೇ ಮುಚ್ಚಿಹೋಗುವ ಸ್ಥಿತಿ ಬಂದಿತು. ಆಗ ನಿವಾಸಿಗಳು ಷೇರು ಹಣವನ್ನು ಕೂಡಿಸಿ, ತಮ್ಮದೇ ಒಂದು ಕಂಪೆನಿಯನ್ನು ಸ್ಥಾಪಿಸಿ, ಅಂಗಡಿಯನ್ನು ತಾವೇ ನಡೆಸತೊಡಗಿದರು. ಪೆಟ್ರೋಲಿನ ಜತೆಗೆ ಬೇಸಾಯದ ಸಾಮಗ್ರಿಗಳನ್ನೂ ಮಾರುವ ಈ ಅಂಗಡಿಯ ಲಾಭದಲ್ಲಿ ಒಂದು ಪಾಲು ಊರಿನ ಕೆಲಸಗಳಿಗೇ ಸಲ್ಲುತ್ತ ಬಂದಿದೆ. ಮುಂದೆ 2014ರಲ್ಲಿ ಇದೇ ಜನರಲ್ಲಿ ಕೆಲವರು ಸೇರಿ, ಊರಿಗೆ ಬೇಕಾದ ವಿದ್ಯುಚ್ಛಕ್ತಿಯನ್ನೆಲ್ಲಾ 2022ರೊಳಗೆ ಸೂರ್ಯಪ್ರಕಾಶವೇ ಮೊದಲಾದ ತೀರದ ಮೂಲಗಳಿಂದ ಪಡೆಯಬೇಕೆಂದು ಸಂಕಲ್ಪಿಸಿದರು. ಗಡುವಿನೊಳಗೆ ಗುರಿಯು ಪೂರ್ಣವಾಗಿ ಕೈಗೂಡಲಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚಿನ ಮನೆಗಳ ಮೇಲೆ ಸೌರ ಫಲಕಗಳು ಬಂದುವು. 2021ರಲ್ಲಿ ಹಳೆಯ ಮರ ಕೊಯ್ಯುವ ಕಾರ್ಖಾನೆಯ ಆವರಣದಲ್ಲಿ 274 ಯೂನಿಟ್ಟು ಹಿಡಿಯುವ ಒಂದು ಸಾಮೂಹಿಕ ಬ್ಯಾಟರಿಯನ್ನೂ ಸ್ಥಾಪಿಸಲಾಯಿತು. ಕೆರೆಯು ಮಳೆಗಾಲದ ನೀರನ್ನು ಬೇಸಗೆಗೆ ಕಾದಿರಿಸುವಂತೆ ಇದು ನಡುಹಗಲಿನ ವಿದ್ಯುತ್ತನ್ನು ಸಂಜೆಗೆ ಕಾದಿರಿಸುತ್ತದೆ.

ಈ ಸಿದ್ಧತೆಗೂ ವಿದ್ಯುತ್ ಮೋಟಾರು ಗಾಡಿಗೂ ಇರುವ ಸಂಬಂಧವನ್ನು ತಿಳಿಯಬೇಕಾದರೆ, ಮನೆಯ ಮೇಲಿನ ಫಲಕದಿಂದ ತಂತಿಗೆ ಬಿಟ್ಟ ವಿದ್ಯುತ್ತಿಗೆ ದೊರೆಯುವ ಬೆಲೆಯ ಚರಿತ್ರೆಯನ್ನು ಮೊದಲು ನೋಡತಕ್ಕದ್ದು. 2009ರಲ್ಲಿ ವಿಕ್ಟೋರಿಯಾ ಸರ್ಕಾರವು, ಹೀಗೆ ಬಿಟ್ಟ ಒಂದೊಂದು ಯೂನಿಟ್ಟಿಗೂ 60 ಸೆಂಟು ಸಲ್ಲುವಂತೆ ಮಾಡಿತು. ಆಗ ಸೇರಿದವರಿಗೆ ಈ ದರವು 2024ರ ನವೆಂಬರಿನವರೆಗೂ ನಡೆಯಿತು. ಅನಂತರ ಫಲಕ ಹಾಕಿಸಿದವರಿಗೆ ಈ ಭಾಗ್ಯವಿರಲಿಲ್ಲ. ಅವರ ಕನಿಷ್ಠ ದರವು 2017-18ರಲ್ಲಿ 11.3 ಸೆಂಟಾಗಿದ್ದು, 2024-25ರ ವೇಳೆಗೆ 3.3 ಸೆಂಟಿಗೆ ಇಳಿಯಿತು. ಕಾರಣವು ಸ್ಪಷ್ಟವಾಗಿದೆ. ದೇಶದಲ್ಲಿ ಸುಮಾರು ಮೂರು ಮನೆಗಳಿಗೊಂದರಂತೆ ಫಲಕಗಳಿರುವಲ್ಲಿ, ಬಿಸಿಲೇರಿದ ಹೊತ್ತಿನಲ್ಲಿ ಎಲ್ಲರ ಸರಕೂ ಏಕಕಾಲಕ್ಕೆ ಪೇಟೆಗೆ ಬರುತ್ತದೆ. ಸುಗ್ಗಿಯಲ್ಲಿ ಎಲ್ಲರೂ ಒಂದೇ ಸಂತೆಗೆ ಬಂಡಿ ಕಟ್ಟಿದರೆ ಧಾನ್ಯದ ಬೆಲೆ ಏನಾಗುವುದೆಂಬುದನ್ನು ಹಿಡುವಳಿದಾರರಿಗೆ ಹೇಳಬೇಕಾದುದಿಲ್ಲ. ಆದರೆ ಅದೇ ಮನೆಯವರು ರಾತ್ರಿ ತಂತಿಯಿಂದ ಕೊಳ್ಳುವ ಯೂನಿಟ್ಟಿಗೆ ಸುಮಾರು 30 ಸೆಂಟು ತೆರಬೇಕು. 2024-25ರಲ್ಲಿ ಮಾರಿದರೆ 3.3, ಕೊಂಡರೆ 30 ಆಗಿತ್ತು. ಆದುದರಿಂದ ಬೆಳೆದ ವಿದ್ಯುತ್ತನ್ನು ಮನೆಯಲ್ಲೇ ಉಪಯೋಗಿಸಿಕೊಳ್ಳುವುದೇ ಲಾಭಕರ. ಮನೆಯಲ್ಲಿ ಅಷ್ಟನ್ನು ನುಂಗಬಲ್ಲ ಉಪಕರಣವೆಂದರೆ ಮೋಟಾರು ಗಾಡಿಯೇ.

ಲೆಕ್ಕವನ್ನು ನೋಡೋಣ. ಸಾಧಾರಣ ವಿದ್ಯುತ್ ಕಾರಿಗೆ 100 ಕಿಲೋಮೀಟರು ಓಡಲು ಸುಮಾರು 16 ಯೂನಿಟ್ಟು ಬೇಕು. ತುಂಬುವಾಗ ಆಗುವ ನಷ್ಟವೂ ಸೇರಿ 18 ಎಂದಿಟ್ಟುಕೊಳ್ಳಬಹುದು. ಸ್ವಂತ ಫಲಕದ ವಿದ್ಯುತ್ತನ್ನೇ ತುಂಬಿದರೆ, 2024-25ರ ಕನಿಷ್ಠ ದರದಂತೆ, ಮಾರಿದ್ದಲ್ಲಿ ಬರುತ್ತಿದ್ದ ಹಣವಾದ 59 ಸೆಂಟು ಮಾತ್ರ ಕೈಬಿಡುತ್ತಿತ್ತು. ತಂತಿಯಿಂದ ಕೊಂಡು ತುಂಬಿದರೆ 5 ಡಾಲರು 40 ಸೆಂಟು. ದಾರಿಬದಿಯ ಶೀಘ್ರ ಯಂತ್ರಗಳಲ್ಲಿ ಯೂನಿಟ್ಟಿಗೆ 60 ಸೆಂಟು ತೆತ್ತರೆ 10 ಡಾಲರು 80 ಸೆಂಟು. ಲೀಟರಿಗೆ 1 ಡಾಲರು 80 ಸೆಂಟಿನಂತೆ 8 ಲೀಟರು ಪೆಟ್ರೋಲು ಸುಡುವ ಗಾಡಿಗಾದರೋ 14 ಡಾಲರು 40 ಸೆಂಟು. ದಾರಿಬದಿಯಲ್ಲೇ ತುಂಬಿಕೊಳ್ಳುವವನಿಗೆ ಉಳಿತಾಯ ಅಲ್ಪವೆಂಬುದನ್ನೂ, ಸ್ವಂತ ಮಾಡಿನ ಕೆಳಗೆ ತುಂಬುವವನಿಗೆ ಅದು ಅತಿಶಯವೆಂಬುದನ್ನೂ ಈ ಅಂಕಿಗಳೇ ತೋರಿಸುತ್ತವೆ. ಬಾಡಿಗೆ ಮನೆಯವರಿಗೆ ಸ್ವಂತ ಮಾಡು ಇಲ್ಲ; ಅವರ ವಿಷಯದಲ್ಲಿ ಈ ಪ್ರಯೋಗವು ಇನ್ನೂ ಹೆಚ್ಚೇನನ್ನೂ ಸಾಧಿಸಿಲ್ಲ.

ಆಸ್ಟ್ರೇಲಿಯದ ಮನೆಗಳಲ್ಲಿ ಬಹಳವಾಗಿ ಕಾಣುವುದು 6.6 ಕಿಲೋವಾಟಿನ ಫಲಕ ಸಮೂಹ. ವಿಕ್ಟೋರಿಯಾದ ಹವೆಯಲ್ಲಿ ವರ್ಷದ ಸರಾಸರಿಯಿಂದ ದಿನಕ್ಕೆ ಇದು ಸುಮಾರು 24 ಯೂನಿಟ್ಟು ಕೊಡುತ್ತದೆ. ಆ ದಕ್ಷಿಣ ದೇಶದ ಚಳಿಗಾಲವಾದ ಜೂನ್ ಜುಲೈ ತಿಂಗಳುಗಳಲ್ಲಿ ಇದರ ಅರ್ಧವೇ ದೊರೆತರೂ ಹೆಚ್ಚು. ವೊಡಂಗಾಕ್ಕೆ ಹೋಗಿಬರುವ 60 ಕಿಲೋಮೀಟರಿಗೆ ಬೇಕಾದುದು ಸುಮಾರು 11 ಯೂನಿಟ್ಟು. ಗೋಡೆಯ ಸಾಮಾನ್ಯ ಹತ್ತು ಆಂಪಿಯರಿನ ಸಾಕೆಟ್ಟಿನಿಂದಲೇ ಐದು ಗಂಟೆಗಳಲ್ಲಿ ಇಷ್ಟನ್ನು ತುಂಬಬಹುದು. ಏಳು ಕಿಲೋವಾಟಿನ ದೊಡ್ಡ ಯಂತ್ರವನ್ನು ಹಾಕಿಸಿದವರು ಒಂದು ಎಚ್ಚರಿಕೆಯನ್ನು ಮರೆಯಬಾರದು: ಫಲಕಗಳು ಮೂರು ಕಿಲೋವಾಟು ಕೊಡುತ್ತಿರುವಾಗ ಯಂತ್ರವು ಏಳನ್ನು ಎಳೆದರೆ, ಉಳಿದ ನಾಲ್ಕೂ ತಂತಿಯಿಂದ ಬರುತ್ತವೆ ಮತ್ತು ಬಿಲ್ಲಿನಲ್ಲಿ ಕಾಣಿಸುತ್ತವೆ. ಬಿಸಿಲಿನ ಏರಿಳಿತವನ್ನನುಸರಿಸಿ ಪ್ರವಾಹವನ್ನು ತಗ್ಗಿಸುವ ಯಂತ್ರಗಳುಂಟು. ಅವುಗಳೂ ಆರು ಆಂಪಿಯರಿಗಿಂತ, ಎಂದರೆ ಸುಮಾರು 1.4 ಕಿಲೋವಾಟಿಗಿಂತ, ಕೆಳಗೆ ಇಳಿಯಲಾರವು.

ಇಷ್ಟಾದರೂ ಮುಖ್ಯವಾದ ತೊಡಕು ಯಂತ್ರದಲ್ಲಿಲ್ಲ, ಗಾಡಿ ನಿಲ್ಲುವ ಸ್ಥಳದಲ್ಲಿದೆ. ಬಿಸಿಲು ಮನೆಯ ಮೇಲೆ ಬೀಳುವ ಹೊತ್ತಿಗೆ ಉದ್ಯೋಗಸ್ಥನ ಗಾಡಿಯು ವೊಡಂಗಾದ ಕಚೇರಿಯ ಮುಂದೆ ನಿಂತಿರುತ್ತದೆ. ಗಾಡಿ ಮನೆಗೆ ಮರಳುವ ಹೊತ್ತಿಗೆ ಸೂರ್ಯನು ಮುಳುಗುತ್ತಿರುತ್ತಾನೆ. ಹಗಲು ಮನೆಯಲ್ಲಿರುವ ವೃದ್ಧರಿಗೂ, ಹೊಲದಲ್ಲೇ ಇರುವ ಬೇಸಾಯಗಾರರಿಗೂ ಈ ತೊಡಕಿಲ್ಲ. ಉಳಿದವರು ವಾರದ ಕೊನೆಯ ಎರಡು ದಿನಗಳಲ್ಲಿ ತುಂಬಿಕೊಳ್ಳುವುದು ಒಂದು ಮಾರ್ಗ. ಅರವತ್ತು ಯೂನಿಟ್ಟಿನ ಬ್ಯಾಟರಿಯುಳ್ಳ ಗಾಡಿಯು ಒಮ್ಮೆ ತುಂಬಿದರೆ ಐದು ದಿನದ ಓಡಾಟಕ್ಕೆ ಸರಿಹೋಗುತ್ತದೆ. ಆದರೆ ಎರಡು ದಿನದ ಬಿಸಿಲು, ಮನೆಯ ಖರ್ಚು ಕಳೆದು, ಅಷ್ಟನ್ನು ತುಂಬಲು ಸಾಲದು. ಕೊರತೆಯನ್ನು ರಾತ್ರಿಯ ಅಗ್ಗದ ದರದಲ್ಲಿ ಕೊಳ್ಳಬೇಕಾಗುತ್ತದೆ. ಮನೆಯಲ್ಲೇ ಪ್ರತ್ಯೇಕ ಬ್ಯಾಟರಿಯಿಡುವುದು ಇನ್ನೊಂದು ಮಾರ್ಗ. 2025ರ ಜುಲೈ 1ರಿಂದ ಕೇಂದ್ರ ಸರ್ಕಾರವು ಇದರ ಬೆಲೆಯಲ್ಲಿ ನೂರಕ್ಕೆ ಸುಮಾರು 30ರಷ್ಟು ಸಹಾಯವನ್ನು ಆರಂಭಿಸಿತು. ಗಾಡಿಗಾಗಿಯೇ ಬ್ಯಾಟರಿಯನ್ನು ಕೊಳ್ಳುವುದು ಮಾತ್ರ ಒಂದು ಕಣಜಕ್ಕೆ ತುಂಬಲು ಇನ್ನೊಂದು ಕಣಜ ಕಟ್ಟಿಸಿದಂತೆ. ಮನೆಯ ಸಂಜೆಯ ಖರ್ಚಿಗೂ ಅದು ಒದಗುವುದಾದರೆ ಸರಿ.

ಇಡೀ ದೇಶದಲ್ಲಿ ಹೊಸದಾಗಿ ಮಾರಾಟವಾದ ಕಾರುಗಳಲ್ಲಿ ವಿದ್ಯುತ್ ಗಾಡಿಗಳು 2022ರಲ್ಲಿ ನೂರಕ್ಕೆ ನಾಲ್ಕನ್ನೂ ಮುಟ್ಟಿರಲಿಲ್ಲ. 2024ರಲ್ಲಿ ಒಂಬತ್ತನ್ನು ಮೀರಿದುವು. ಗ್ರಾಮಾಂತರದಲ್ಲಿ ವೇಗವು ಕಡಿಮೆ. ಅಲ್ಲಿನ ಬೇಸಾಯಗಾರನಿಗೆ ಬೇಕಾದುದು ಹಿಂಬದಿ ತೆರೆದ, ಟ್ರೇಲರು ಎಳೆಯುವ 'ಯೂಟ್' ಗಾಡಿ. ಭಾರ ಎಳೆಯುವಾಗ ಒಂದು ತುಂಬಿಗೆಯ ಓಟವು ಬಹಳ ಕುಗ್ಗುತ್ತದೆಂಬ ಅವನ ಸಂಶಯವು ನಿರಾಧಾರವಾದುದಲ್ಲ.

ತೆರಿಗೆಯ ವಿಷಯದಲ್ಲಿ ವಿಕ್ಟೋರಿಯಾದಲ್ಲಿ ಒಂದು ದೊಡ್ಡ ವ್ಯಾಜ್ಯವೇ ನಡೆಯಿತು. ಪೆಟ್ರೋಲು ಕೊಳ್ಳದವರು ಪೆಟ್ರೋಲಿನ ಸುಂಕವನ್ನೂ ಕೊಡುವುದಿಲ್ಲವೆಂಬ ಕಾರಣದಿಂದ, ಆ ಸಂಸ್ಥಾನವು 2021ರ ಜುಲೈಯಿಂದ ವಿದ್ಯುತ್ ಗಾಡಿಗಳ ಮೇಲೆ ಕಿಲೋಮೀಟರಿಗೆ ಎರಡೂವರೆ ಸೆಂಟು ವಿಧಿಸಿತು. ವರ್ಷಕ್ಕೆ 20,000 ಕಿಲೋಮೀಟರು ಓಡುವ ಗ್ರಾಮಾಂತರದ ಕುಟುಂಬಕ್ಕೆ ಇದು 500 ಡಾಲರು. ಇಬ್ಬರು ಗಾಡಿ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಇಂತಹ ಸುಂಕವನ್ನು ಹಾಕುವ ಅಧಿಕಾರವು ಕೇಂದ್ರಕ್ಕೆ ಮಾತ್ರ ಸೇರಿದ್ದೆಂದು ದೇಶದ ಉಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 18ರಂದು ತೀರ್ಪಿತ್ತು, ಆ ಕಾನೂನನ್ನು ತಳ್ಳಿಹಾಕಿತು. ರಸ್ತೆಯನ್ನು ಸವೆಸುವವರು ಅದರ ವೆಚ್ಚದಲ್ಲಿ ಪಾಲು ಕೊಡಬೇಕೆಂಬ ವಾದವು ಮಾತ್ರ ಈ ತೀರ್ಪಿನಿಂದ ಮುಗಿದಿಲ್ಲ. ಅದರಲ್ಲಿ ನ್ಯಾಯವೂ ಇಲ್ಲದಿಲ್ಲ.

ಗಾಡಿಯ ಬ್ಯಾಟರಿಯಿಂದ ತಂತಿಗೆ ವಿದ್ಯುತ್ತನ್ನು ಹಿಂದಿರುಗಿಸುವ ಕ್ರಮವೂ ಪರೀಕ್ಷೆಯಲ್ಲಿದೆ. 2024ರ ಫೆಬ್ರವರಿ 13ರಂದು ವಿಕ್ಟೋರಿಯಾದಲ್ಲಿ ಬಿರುಗಾಳಿಯಿಂದ ದೊಡ್ಡ ತಂತಿಗಂಬಗಳುರುಳಿ, ಐದು ಲಕ್ಷಕ್ಕೂ ಹೆಚ್ಚು ಕಡೆಗಳಲ್ಲಿ ವಿದ್ಯುತ್ತು ನಿಂತಾಗ, ಕ್ಯಾನ್‌ಬೆರಾದಲ್ಲಿ ಯಂತ್ರಕ್ಕೆ ತಗುಲಿಸಿದ್ದ 16 ಗಾಡಿಗಳು ತಾವಾಗಿಯೇ 107 ಕಿಲೋವಾಟನ್ನು ಜಾಲಕ್ಕೆ ಒದಗಿಸಿದುವು. ಪ್ರಮಾಣವು ಅಲ್ಪವೇ. ಆದರೆ ಕಾಡುಗಿಚ್ಚಿನ ಭಯವುಳ್ಳ ಪ್ರಾಂತದಲ್ಲಿ ಇದರ ಬೆಲೆ ಬೇರೆ: ತಂತಿ ಕಡಿದರೆ ನೀರಿನ ಪಂಪೂ ನಿಲ್ಲುತ್ತದೆ, ಪೆಟ್ರೋಲು ಎತ್ತುವ ಪಂಪೂ ನಿಲ್ಲುತ್ತದೆ. ತಂತಿ ಕಡಿದಾಗಲೂ ನಡೆಯುವಂತೆ ಪ್ರತ್ಯೇಕ ಜೋಡಣೆಯಿಲ್ಲದ ಮನೆಯಲ್ಲಿ ಸೌರ ಫಲಕಗಳೂ ತಾವಾಗಿಯೇ ಕೆಲಸ ನಿಲ್ಲಿಸುತ್ತವೆಂಬುದನ್ನು, ಬೆಂಕಿಯ ದಿನ ಬರುವ ಮೊದಲೇ ತಿಳಿದುಕೊಂಡವರು ಕೆಲವರೇ.

ಯಾಕಂಡಾಂಡಾದ ಷೇರುದಾರರಿಗೆ ಇನ್ನೊಂದು ಇಕ್ಕಟ್ಟುಂಟು. ವರ್ಷಕ್ಕೆ 20,000 ಕಿಲೋಮೀಟರು ಓಡುವ ಒಂದು ಕುಟುಂಬವು ವಿದ್ಯುತ್ ಗಾಡಿಗೆ ತಿರುಗಿದರೆ, ಮೇಲಿನ ಲೆಕ್ಕದಂತೆ ಪೆಟ್ರೋಲು ಅಂಗಡಿಗೆ 1,600 ಲೀಟರಿನ ವ್ಯಾಪಾರ ತಪ್ಪುತ್ತದೆ. ಮಾಡಿನ ಮೇಲೆ ಫಲಕ ಹಾಕಿಸಿದವರಲ್ಲೂ, ಅಂಗಡಿಯಲ್ಲಿ ಷೇರು ಹೊಂದಿದವರಲ್ಲೂ ಅನೇಕರು ಅದೇ ಊರಿನವರು. ಅಂಗಡಿಯ ಬೇಸಾಯ ಸಾಮಗ್ರಿಯ ವ್ಯಾಪಾರವು ಇದರಿಂದ ಬಾಧಿತವಾಗುವುದಿಲ್ಲ, ಹೊಲದ ಟ್ರಾಕ್ಟರುಗಳೂ ಡೀಸಲನ್ನು ಬಿಟ್ಟಿಲ್ಲ.