ಕಡಿದುಹೋದ ವ್ಯಾಯಾಮಕ್ಕೆ ಮರಳುವ ಕ್ರಮ

ವ್ಯಾಯಾಮವನ್ನು ಆರಂಭಿಸುವ ವಿಧಾನವನ್ನು ತಿಳಿಸುವ ಪುಸ್ತಕಗಳಿಗೂ ತರಬೇತುದಾರರಿಗೂ ಇಂದು ಕೊರತೆಯಿಲ್ಲ. ಆದರೆ ನಡುವೆ ನಿಂತುಹೋದ ವ್ಯಾಯಾಮಕ್ಕೆ ಮರಳುವ ವಿಧಾನವನ್ನು ಅಷ್ಟೇ ವಿವರವಾಗಿ ತಿಳಿಸುವವರು ವಿರಳ. ದೇಹಾರೋಗ್ಯದ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಹತ್ತಾರು ವರ್ಷ ನಡೆಯಬೇಕಾದ ಅಭ್ಯಾಸವೊಂದು ಯಾವ ಅಡೆತಡೆಯೂ ಇಲ್ಲದೆ ಸಾಗುವುದು ಯಾರಿಗೂ ಸಾಧ್ಯವಿಲ್ಲ. ಗಾಯ, ಜ್ವರ, ಸುಗ್ಗಿ, ಪಾಳಿಯ ಬದಲಾವಣೆ, ಮನೆಯ ಕಾರ್ಯ ಮೊದಲಾದ ಯಾವುದೇ ಕಾರಣದಿಂದ ನಿತ್ಯದ ಅಭ್ಯಾಸ ಕಡಿದುಹೋಗುವುದನ್ನು ಇಲ್ಲಿ ಹಿನ್ನಡೆ ಎಂದು ಕರೆಯಲಾಗಿದೆ. ಫಲ ತಡವಾದರೂ ಅಭ್ಯಾಸವನ್ನು ಕೈಬಿಡದಿರುವುದು ಛಲವಾದರೆ, ಕಡಿದುಹೋದ ಮೇಲೆ ಹೆಚ್ಚು ಹಾನಿಯಿಲ್ಲದೆ ಮತ್ತೆ ಹಳಿಗೆ ಬರುವುದು ಪುಟಿದೇಳುವ ಗುಣ. ಈ ಗುಣ ಹುಟ್ಟಿನಿಂದ ಕೆಲವರಿಗೆ ಮಾತ್ರ ಬರುವಂಥದ್ದೆಂಬ ನಂಬಿಕೆ ಸರಿಯಲ್ಲ. ದಂಡ, ಬಸ್ಕಿಗಳಂತೆಯೇ ಇದನ್ನೂ ಕ್ರಮವಾಗಿ ಕಲಿಯಬಹುದು, ಮತ್ತು ಆ ಕಲಿಕೆ ಹಿನ್ನಡೆ ಬರುವುದಕ್ಕೆ ಮೊದಲೇ ಆರಂಭವಾಗಬೇಕು.

ಮೊದಲು ಕಾಲದ ಲೆಕ್ಕ

ತುಮಕೂರು ಜಿಲ್ಲೆಯ ಗೂಳೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ವ್ಯಾಯಾಮ ಕಡಿದುಹೋಗುವ ಕಾಲವನ್ನು ಬಹುಮಟ್ಟಿಗೆ ಮೊದಲೇ ಗುರುತಿಸಬಹುದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಮುಗಿಯುವಷ್ಟರಲ್ಲಿ ರಾಗಿ ಕೊಯ್ಲಿನ ದಿನಗಳು ಬರುತ್ತವೆ; ಗೂಳೂರಿನಲ್ಲಾದರೆ ಕೆರೆಯ ಮಣ್ಣಿನಿಂದ ರೂಪುಗೊಳ್ಳುವ ಗಣಪತಿಗೆ ಬಲಿಪಾಡ್ಯಮಿಯಿಂದ ತಿಂಗಳ ಕಾಲ ಪೂಜೆ ಸಲ್ಲುವುದರಿಂದ, ವಿಸರ್ಜನೆಯ ಜಾತ್ರೆ ಮುಗಿಯುವವರೆಗೆ ಮನೆಮನೆಗೂ ನೆಂಟರ ಓಡಾಟವಿರುತ್ತದೆ. ಮಾರ್ಚಿನಿಂದ ಮೇವರೆಗೆ ಬೆಳಗಿನ ಎಂಟು ಗಂಟೆಗೇ ಬಿಸಿಲು ಏರುತ್ತದೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಪಾಳಿ ಬದಲಾದಾಗಲೆಲ್ಲ ನಿದ್ರೆಯ ಹೊತ್ತೂ ಬದಲಾಗುತ್ತದೆ. ಗುಬ್ಬಿ, ತುಮಕೂರುಗಳಿಂದ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ಬೆಳಗಿನ ಹೊತ್ತು ಎಂಬುದೇ ಇರುವುದಿಲ್ಲ.

ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಇಂಥ ವಾರಗಳನ್ನು ವರ್ಷದ ಆರಂಭದಲ್ಲೇ ಗುರುತುಹಾಕಿ, ಆ ವಾರಗಳಿಗೆ ಬೇರೆಯದೇ ಆದ ಹಗುರ ಯೋಜನೆಯೊಂದನ್ನು ಬರೆದಿಡುವುದು ಮೊದಲ ಹೆಜ್ಜೆ. ಹೀಗೆ ಮಾಡಿದವರಿಗೆ ಕೊಯ್ಲಿನ ಹದಿನೈದು ದಿನ ಸೋಲಾಗಿ ಕಾಣುವುದಿಲ್ಲ. ಹೊಲದ ದುಡಿಮೆಯೂ ದೇಹದ ಶ್ರಮವೇ ಆಗಿರುವುದರಿಂದ, ಇಡೀ ದಿನ ಬಗ್ಗಿ ಕೊಯ್ದವರು ಸಂಜೆ ಮತ್ತೆ ಬಸ್ಕಿ ಹೊಡೆಯಬೇಕಾಗಿಯೂ ಇಲ್ಲ; ಅವರಿಗೆ ಬೇಕಾದದ್ದು ಸೊಂಟವನ್ನೂ ತೊಡೆಯ ಹಿಂಭಾಗವನ್ನೂ ಸಡಿಲಿಸುವ ಹತ್ತು ನಿಮಿಷ ಮಾತ್ರ.

ಕನಿಷ್ಠ ಪಾಲು

ಎರಡನೆಯ ಹೆಜ್ಜೆ, ಎಂಥ ಕೆಟ್ಟ ದಿನದಲ್ಲೂ ಬಿಡದೆ ಮಾಡಬಹುದಾದ ಕನಿಷ್ಠ ಪಾಲನ್ನು ನಿಗದಿಪಡಿಸಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವೂ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕು. ಮಧ್ಯಮ ಶ್ರಮವೆಂದರೆ ಮಾತನಾಡಲು ಸಾಧ್ಯವಾದರೂ ಹಾಡಲು ಆಗದಷ್ಟು ಉಸಿರು ಏರುವ ನಡಿಗೆ. ಇದು ಗುರಿ. ಕನಿಷ್ಠ ಪಾಲು ಇದಕ್ಕಿಂತ ಬಹಳ ಚಿಕ್ಕದಾಗಿರಬೇಕು: ಹತ್ತು ನಿಮಿಷದ ನಡಿಗೆ, ಅಥವಾ ಗೋಡೆಗೆ ಕೈಯೂರಿ ಹತ್ತು ದಂಡ ಮತ್ತು ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು ಸಾಕು. ಇಷ್ಟರಿಂದ ದೇಹದ ಬಲ ಹೆಚ್ಚುವುದಿಲ್ಲವೆಂಬುದು ನಿಜ. ಇದರ ಕೆಲಸವೇ ಬೇರೆ, ಹೊತ್ತಿಗೆ ಸರಿಯಾಗಿ ಏಳುವ ರೂಢಿಯನ್ನು ಉಳಿಸಿಕೊಡುವುದು.

ರೂಢಿ ಎಷ್ಟು ದಿನದಲ್ಲಿ ಬೇರೂರುತ್ತದೆಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಲ್ಲಿ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಹೊಸ ನಡವಳಿಕೆಯೊಂದು ಯೋಚನೆಯಿಲ್ಲದೆ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿದರೂ, ಕೆಲವರಿಗೆ 18 ದಿನ ಸಾಕಾಗಿ ಇನ್ನು ಕೆಲವರಿಗೆ 254 ದಿನ ಬೇಕಾಗಬಹುದೆಂದು ಅವರ ಲೆಕ್ಕ ತೋರಿಸಿತು. 21 ದಿನಗಳಲ್ಲಿ ಅಭ್ಯಾಸ ಗಟ್ಟಿಯಾಗುತ್ತದೆಂದು ಜನಜನಿತವಾಗಿರುವ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನವೂ ಏಳಲು ಕಷ್ಟವಾದಾಗ ತಮ್ಮಲ್ಲೇ ದೋಷವಿದೆಯೆಂದು ಕೊರಗುವವರು ಈ ಅಂಕಿಗಳನ್ನು ನೆನಪಿಡಬೇಕು. ಅದೇ ಅಧ್ಯಯನದ ಮತ್ತೊಂದು ಫಲಿತಾಂಶ ಇನ್ನೂ ಉಪಯುಕ್ತವಾದದ್ದು: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೇರೂರುವುದಕ್ಕೆ ಗಣನೀಯ ಧಕ್ಕೆಯೇನೂ ಆಗಲಿಲ್ಲ.

ಇದರ ಜೊತೆಗೆ, ‘ಹೀಗಾದರೆ ಹೀಗೆ’ ಎಂಬ ಮಾದರಿಯ ವಾಕ್ಯಗಳನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವುದು ಪ್ರಯೋಜನಕಾರಿ ಎಂಬುದನ್ನು ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಗಳು ತೋರಿಸಿಕೊಟ್ಟಿವೆ. ‘ಬೆಳಿಗ್ಗೆ ಮಳೆ ಬಂದರೆ ಹಜಾರದಲ್ಲೇ ಹದಿನೈದು ನಿಮಿಷ ಸೂರ್ಯನಮಸ್ಕಾರ’, ‘ರಾತ್ರಿ ಪಾಳಿಯಾದರೆ ಎದ್ದ ಮೇಲೆ ಸಂಜೆ ಐದಕ್ಕೆ ನಡಿಗೆ’ ಎಂಬಂಥ ಎರಡು ಮೂರು ವಾಕ್ಯಗಳು ಸಾಕು. ಆ ಹೊತ್ತಿನಲ್ಲಿ ನಿರ್ಧಾರ ಮಾಡಬೇಕಾದ ಪ್ರಮೇಯವೇ ಇಲ್ಲದಂತಾಗುತ್ತದೆ.

ನೋವಿನ ಜಾತಿ ತಿಳಿಯುವುದು

ಹಿನ್ನಡೆ ದೇಹದಿಂದ ಬಂದಾಗ ಮೊದಲ ಕೆಲಸ ನೋವಿನ ಸ್ವರೂಪವನ್ನು ಬೇರ್ಪಡಿಸುವುದು. ಹೊಸ ವ್ಯಾಯಾಮ ಮಾಡಿದ ಮಾರನೆಯ ದಿನ ಆರಂಭವಾಗಿ, ಎರಡು ಮೂರನೆಯ ದಿನ ಹೆಚ್ಚಾಗಿ, ತಾನಾಗಿಯೇ ಇಳಿಯುವ ಎರಡೂ ಬದಿಯ ಮೈಕೈ ನೋವು ಸ್ನಾಯುಗಳು ಹೊಸ ಹೊರೆಗೆ ಹೊಂದಿಕೊಳ್ಳುತ್ತಿರುವುದರ ಗುರುತು. ಅದಕ್ಕೆ ಪೂರ್ಣ ವಿಶ್ರಾಂತಿಗಿಂತ ಹಗುರ ನಡಿಗೆಯೇ ಒಳ್ಳೆಯದು. ಒಂದೇ ಬದಿಯಲ್ಲಿ, ಒಂದೇ ಜಾಗದಲ್ಲಿ ಚುಚ್ಚುವ, ಊತವಿರುವ, ದಿನದಿನಕ್ಕೆ ಹೆಚ್ಚುವ ನೋವು ಗಾಯದ ಲಕ್ಷಣ.

ಕುಣಿಗಲ್ ರಸ್ತೆಯ ಅಂಚಿನಂತಹ ಏರುತಗ್ಗಿನ ಜಾಗದಲ್ಲಿ ನಸುಕಿನಲ್ಲಿ ನಡೆಯುವವರಿಗೆ ಸಾಮಾನ್ಯವಾಗಿ ಆಗುವುದು ಕಣಕಾಲಿನ ಉಳುಕು. ಉಳುಕಿದ ಕಾಲನ್ನು ಎಳೆಸುವುದು, ಜೋರಾಗಿ ತಿಕ್ಕಿಸುವುದು ವಾಡಿಕೆಯಲ್ಲಿದ್ದರೂ, ಮೊದಲ ಎರಡು ಮೂರು ದಿನ ಅದರಿಂದ ಊತ ಹೆಚ್ಚುವ ಸಂಭವವಿದೆ. ಆ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾಗಿ ಸುತ್ತಿದ ಪಟ್ಟಿ, ಮತ್ತು ದಿಂಬಿನ ಮೇಲೆ ಕಾಲೆತ್ತಿ ಮಲಗುವುದು ಸಾಕು. ಗಾಯವಾದ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಅಥವಾ ಕಣಕಾಲಿನ ಇಕ್ಕೆಲದ ಮೂಳೆಯ ಹಿಂಭಾಗವನ್ನು ಒತ್ತಿದಾಗ ನೋವಾದರೆ, ಕಟ್ಟು ಹಾಕಿಸುವುದಕ್ಕೆ ಮೊದಲು ಎಕ್ಸ್‌ರೇ ತೆಗೆಸಬೇಕು. ನೋವು ಇಳಿದ ಮೇಲೆ ಹೆಚ್ಚಿನವರು ಬಿಟ್ಟುಬಿಡುವ ಹಂತವೊಂದಿದೆ. ಗೋಡೆಯ ಪಕ್ಕದಲ್ಲಿ ನಿಂತು, ಬೆರಳ ತುದಿಯನ್ನಷ್ಟೇ ಗೋಡೆಗೆ ತಾಗಿಸಿ, ಉಳುಕಿದ್ದ ಕಾಲಿನ ಮೇಲೆ ಮೂವತ್ತು ಎಣಿಸುವವರೆಗೆ ನಿಲ್ಲುವುದು. ಅದು ಸಲೀಸಾದ ಮೇಲೆ ಬೆರಳನ್ನೂ ತೆಗೆದು ನಿಲ್ಲುವುದು. ಆಮೇಲೆ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು. ಕೀಲಿನ ಸುತ್ತಲಿನ ಸಮತೋಲನದ ಅರಿವು ಮರಳದೆ ಓಡಾಟ ಆರಂಭಿಸಿದವರ ಕಾಲು ಅದೇ ಜಾಗದಲ್ಲಿ ಮತ್ತೆ ಉಳುಕುವುದು ಹೆಚ್ಚು.

ಜ್ವರವಿರುವಾಗ ವ್ಯಾಯಾಮ ಸಲ್ಲದು. ಚಿಕೂನ್‌ಗುನ್ಯಾದಂಥ ಜ್ವರಗಳಲ್ಲಿ ಕೀಲುನೋವು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದನ್ನು 2006ರ ಪಿಡುಗಿನಲ್ಲಿ ರಾಜ್ಯದ ಅನೇಕ ಜಿಲ್ಲೆಗಳ ಜನ ಅನುಭವಿಸಿದ್ದಾರೆ. ಅಂಥವರಿಗೆ ಕೀಲುಗಳನ್ನು ಭಾರವಿಲ್ಲದೆ ಮಡಚಿ ಬಿಡಿಸುವುದೇ ಮೊದಲ ವ್ಯಾಯಾಮ.

ಎದೆಯ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ಶ್ರಮಕ್ಕೆ ಮೀರಿದ ಏದುಸಿರು, ತಲೆತಿರುಗು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಛಲಕ್ಕೆ ಸ್ಥಾನವಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡಿನ ಅನೇಕರು ಹೆದರಿ ಜಿಮ್ ಬಿಟ್ಟರು, ಅನೇಕರು ಹೃದಯದ ತಪಾಸಣೆಗೆ ಮುಗಿಬಿದ್ದರು. ಇವೆರಡರಲ್ಲಿ ತಪಾಸಣೆಯೇ ಸರಿಯಾದ ದಾರಿ. ನಲವತ್ತು ದಾಟಿದವರು, ಮಧುಮೇಹ, ರಕ್ತದೊತ್ತಡ ಇರುವವರು ಮತ್ತು ಮನೆತನದಲ್ಲಿ ಹೃದ್ರೋಗವಿರುವವರು ವೈದ್ಯರ ಸಲಹೆ ಪಡೆದು, ಅವರು ಹೇಳಿದ ಮಿತಿಯೊಳಗೆ ಮುಂದುವರಿಯುವುದು ಭಯದಿಂದ ಕುಳಿತುಬಿಡುವುದಕ್ಕಿಂತ ಹೃದಯಕ್ಕೆ ಹಿತಕರ.

ಮರಳುವಾಗ ಅರ್ಧದಿಂದ

ಮರಳುವವರು ಮಾಡುವ ದೊಡ್ಡ ತಪ್ಪು, ನಿಂತ ಜಾಗದಿಂದಲೇ ಮತ್ತೆ ಆರಂಭಿಸುವುದು. ಅಮೆರಿಕದ ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಕ್ರೀಡಾಪಟುಗಳಲ್ಲಿ ನಡೆಸಿದ 1984ರ ಅಧ್ಯಯನದಂತೆ, ಅಭ್ಯಾಸ ನಿಂತ ಮೂರು ವಾರಗಳಲ್ಲಿ ದೇಹ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಶೇ 7ರಷ್ಟು ಕುಗ್ಗುತ್ತದೆ. ಎಂಟು ವಾರಗಳ ಹೊತ್ತಿಗೆ ಕುಸಿತ ಶೇ 16ರ ಆಸುಪಾಸಿಗೆ ಬರುತ್ತದೆ. ಸ್ನಾಯುಗಳ ಬಲವಾದರೋ ಮೂರು ನಾಲ್ಕು ವಾರಗಳವರೆಗೆ ಬಹುಪಾಲು ಉಳಿದಿರುತ್ತದೆ. ಎಲ್ಲವೂ ಕೈಬಿಟ್ಟುಹೋಯಿತೆಂಬ ಹತಾಶೆಗೆ ಇದರಲ್ಲಿ ಆಧಾರವಿಲ್ಲ. ಆದರೆ ಉಸಿರು ಮತ್ತು ಸ್ನಾಯುಗಳು ಬೇಗ ಮರಳಿದಷ್ಟು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಬೇಗ ಗಟ್ಟಿಯಾಗುವುದಿಲ್ಲವಾದ್ದರಿಂದ, ಮರಳಿದ ಎರಡು ಮೂರನೆಯ ವಾರದಲ್ಲಿ ಹುಮ್ಮಸ್ಸಿನಿಂದ ಓಡಿದವರಿಗೆ ಹಿಮ್ಮಡಿ, ಮಂಡಿಗಳ ನೋವು ಹಿಡಿಯುತ್ತದೆ.

ಓಟದ ತರಬೇತುದಾರರಲ್ಲಿ ಬಳಕೆಯಲ್ಲಿರುವ ಲೆಕ್ಕವೊಂದು ಇಲ್ಲಿ ನೆರವಾಗುತ್ತದೆ. ಐದು ದಿನಗಳವರೆಗಿನ ಬಿಡುವಾದರೆ ಹಿಂದಿನಂತೆಯೇ ಮುಂದುವರಿಯಬಹುದು. ಆರು ದಿನದಿಂದ ನಾಲ್ಕು ವಾರಗಳವರೆಗಿನ ಬಿಡುವಾದರೆ, ಬಿಟ್ಟಷ್ಟು ದಿನಗಳ ಮೊದಲರ್ಧದಲ್ಲಿ ಹಳೆಯ ಪ್ರಮಾಣದ ಅರ್ಧವನ್ನೂ ಉಳಿದರ್ಧದಲ್ಲಿ ಮುಕ್ಕಾಲನ್ನೂ ಮಾಡಿ, ಆಮೇಲೆ ಪೂರ್ಣಕ್ಕೆ ಬರಬೇಕು. ತುಮಕೂರಿನ ಅಮಾನಿಕೆರೆಯ ದಾರಿಯಲ್ಲಿ ದಿನಕ್ಕೆ 40 ನಿಮಿಷ ನಡೆಯುತ್ತಿದ್ದವರು ಸುಗ್ಗಿಗಾಗಿ 14 ದಿನ ಬಿಟ್ಟಿದ್ದರೆ, ಮೊದಲ ವಾರ 20 ನಿಮಿಷ, ಎರಡನೆಯ ವಾರ 30 ನಿಮಿಷ ನಡೆದು, ಮೂರನೆಯ ವಾರ 40ಕ್ಕೆ ಮುಟ್ಟಬೇಕು. ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲು, ದೇವರಾಯನದುರ್ಗದ ಏರುಗಳನ್ನು ಮೂರನೆಯ ವಾರ ಕಳೆಯುವವರೆಗೆ ಮುಂದೂಡುವುದು ಕ್ಷೇಮ. ಇಳಿಯುವಾಗ ಮಂಡಿಗೆ ಬೀಳುವ ಹೊರೆ ಹತ್ತುವಾಗಿನದಕ್ಕಿಂತ ಹೆಚ್ಚು.

ಈ ಸಂಯಮಕ್ಕೆ ಕರ್ನಾಟಕದಲ್ಲೇ ಉತ್ತಮ ನಿದರ್ಶನವಿದೆ, ಆದರೆ ಅದನ್ನು ನೆನೆಯುವವರು ಕಡಿಮೆ. ಅನಿಲ್ ಕುಂಬ್ಳೆ ಎಂದೊಡನೆ 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬೌಲ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದ ದೃಶ್ಯ ಎಲ್ಲರ ಕಣ್ಣಿಗೂ ಬರುತ್ತದೆ. ಅದು ಮೆಚ್ಚಬೇಕಾದ ಧೈರ್ಯವೇ ಹೊರತು ಸಾಮಾನ್ಯರು ಅನುಸರಿಸಬೇಕಾದ ಮಾದರಿಯಲ್ಲ. ಅನುಸರಿಸಬೇಕಾದದ್ದು ಅದಕ್ಕೆ ಹಿಂದಿನ ವರ್ಷದ ಕಥೆ: ಭುಜದ ಶಸ್ತ್ರಚಿಕಿತ್ಸೆಯ ಕಾರಣ ಅವರು 2001ರ ಆಸ್ಟ್ರೇಲಿಯಾ ವಿರುದ್ಧದ ಚಾರಿತ್ರಿಕ ಟೆಸ್ಟ್ ಸರಣಿಯನ್ನೇ ಕಳೆದುಕೊಂಡು, ತಿಂಗಳುಗಟ್ಟಲೆ ಚೇತರಿಕೆಯ ವ್ಯಾಯಾಮ ನಡೆಸಿ, ಆ ವರ್ಷದ ಕೊನೆಗೆ ಮರಳಿದರು. ಅವರ ಒಟ್ಟು 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಹೀಗೆ ಮರಳಿದ ಮೇಲೆಯೇ.

ಮನಸ್ಸಿನ ಹಿನ್ನಡೆ

ದೇಹಕ್ಕಿಂತ ಹೆಚ್ಚಾಗಿ ಮನಸ್ಸು ಸೋಲುವುದು ಒಂದು ನಿರ್ದಿಷ್ಟ ಬಗೆಯ ತರ್ಕದಿಂದ. ಮೂರು ದಿನ ತಪ್ಪಿತು, ಇನ್ನು ಈ ತಿಂಗಳು ಹೋದಂತೆಯೇ, ಯುಗಾದಿಯಿಂದ ಹೊಸದಾಗಿ ಆರಂಭಿಸಿದರಾಯಿತು ಎಂಬ ಈ ಯೋಚನೆಯನ್ನು ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್ ಮದ್ಯವ್ಯಸನ ಬಿಡುವವರಲ್ಲಿ ಗುರುತಿಸಿದರು. ಸಣ್ಣ ತಪ್ಪೊಂದನ್ನು ತನ್ನ ಸ್ವಭಾವದ ದೋಷವೆಂದು ಬಗೆದವರು ಪೂರ್ತಿ ಜಾರುವುದೇ ಹೆಚ್ಚೆಂದೂ, ಅದನ್ನು ಆ ದಿನದ ಸಂದರ್ಭದ ಫಲವೆಂದು ಬಗೆದವರು ಬೇಗ ಮರಳುತ್ತಾರೆಂದೂ ಅವರು ವಿವರಿಸಿದರು. ಆದ್ದರಿಂದ ತಪ್ಪಿದ ದಿನದ ಎದುರಿಗೆ ಕ್ಯಾಲೆಂಡರಿನಲ್ಲಿ ಕಾರಣವನ್ನು ಒಂದು ಮಾತಿನಲ್ಲಿ ಬರೆಯುವುದು ಒಳ್ಳೆಯದು. ‘ಜ್ವರ’, ‘ಮದುವೆ’, ‘ನಿದ್ರೆಯಿಲ್ಲ’ ಎಂಬ ಮಾತುಗಳು ಎರಡು ತಿಂಗಳು ಸಾಲಾಗಿ ಕಂಡಾಗ ಸರಿಪಡಿಸಬೇಕಾದದ್ದು ಯಾವುದೆಂದು ತಾನಾಗಿಯೇ ತಿಳಿಯುತ್ತದೆ.

ತಪ್ಪಿದ ಯತ್ನವೊಂದು ಇಡೀ ಪ್ರಯತ್ನದ ಸೋಲಲ್ಲ ಎಂಬುದಕ್ಕೆ ಎತ್ತರ ಜಿಗಿತದ ನಿಯಮವನ್ನು ಇಲ್ಲಿ ನೆನೆಯಬಹುದು. ಸತತ ಮೂರು ಸಲ ಅಡ್ಡಪಟ್ಟಿಯನ್ನು ಬೀಳಿಸಿದವರು ಸ್ಪರ್ಧೆಯಿಂದ ಹೊರಗಾಗುವುದರಿಂದ, ಗೆದ್ದವರೂ ಸಾಮಾನ್ಯವಾಗಿ ಅಂಕಣದಿಂದ ಹೊರಬರುವುದು ವಿಫಲವಾದ ಜಿಗಿತದೊಂದಿಗೇ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಕಾಲಿನ ನ್ಯೂನತೆಯೊಂದಿಗೆ ಬೆಳೆದು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಫಿಜಿಯ ಸ್ಪರ್ಧಿ ಜಿಗಿದದ್ದೂ ಅಷ್ಟೇ ಎತ್ತರ, ವಿಫಲ ಯತ್ನಗಳ ಎಣಿಕೆಯಿಂದ ಸ್ಥಾನ ನಿರ್ಧಾರವಾಯಿತು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಒಂದೇ ಪದಕ ಅದು.

ತೂಕದ ಯಂತ್ರವೊಂದನ್ನೇ ನೆಚ್ಚಿಕೊಂಡವರಿಗೆ ಇನ್ನೊಂದು ಬಗೆಯ ಹಿನ್ನಡೆ ಕಾದಿರುತ್ತದೆ. ದೇಹ ಹಗುರವಾದಂತೆ ಅದು ವ್ಯಯಿಸುವ ಶಕ್ತಿಯೂ ಇಳಿಯುವುದರಿಂದ ಕೆಲವು ತಿಂಗಳ ನಂತರ ತೂಕ ನಿಂತಲ್ಲೇ ನಿಲ್ಲುವುದು ಸಹಜ. ಸೊಂಟದ ಸುತ್ತಳತೆ, ಕುಳಿತಲ್ಲಿಂದ ಕೈಯೂರದೆ ಏಳುವ ಸಂಖ್ಯೆ, ರಕ್ತದ ಸಕ್ಕರೆಯ ಮಟ್ಟ, ನಿದ್ರೆ ಇವುಗಳನ್ನೂ ತಿಂಗಳಿಗೊಮ್ಮೆ ಬರೆದಿಟ್ಟರೆ ಪ್ರಗತಿ ಬೇರೆ ಕಡೆ ಕಾಣುತ್ತದೆ.

ಈ ಎಲ್ಲ ಕ್ರಮಗಳೂ ಬಿಡುವಿನ ಹೊತ್ತೊಂದು ಇದೆಯೆಂದು ಭಾವಿಸಿಯೇ ಹೇಳಿದವು. ಮನೆಯ ಹೆಂಗಸರ ವಿಷಯದಲ್ಲಿ ಆ ಭಾವನೆ ಹುಸಿಯಾಗುತ್ತದೆ. ನೆಂಟರು ಬಂದರೆ, ಮಗುವಿಗೆ ಪರೀಕ್ಷೆಯಿದ್ದರೆ, ಹಿರಿಯರಿಗೆ ಹುಷಾರಿಲ್ಲದಿದ್ದರೆ ಮೊದಲು ನಿಲ್ಲುವುದು ಅವರ ನಡಿಗೆ. ಮತ್ತೆ ಆರಂಭವಾಗುವುದಕ್ಕೆ ತಡವಾಗುವುದೂ ಅವರದೇ. ಅದನ್ನು ಅವರ ಛಲದ ಕೊರತೆಯೆಂದು ಕರೆಯುವುದು ಅನ್ಯಾಯ. ಬೆಳಗಿನ ಹಾಲು ಕಾಯಿಸುವುದು, ಮಕ್ಕಳ ಡಬ್ಬಿ ಕಟ್ಟುವುದು, ಅಂಗಳ ಗುಡಿಸುವುದು ಇವುಗಳಲ್ಲಿ ಒಂದನ್ನಾದರೂ ಮನೆಯ ಗಂಡಸರು ಖಾಯಂ ಆಗಿ ವಹಿಸಿಕೊಂಡು, ತಾಯಿಗೋ ಹೆಂಡತಿಗೋ ದಿನಕ್ಕೆ ಅರ್ಧ ಗಂಟೆ ಬಿಟ್ಟುಕೊಡಬೇಕೆಂಬುದು ಈ ಲೇಖನವನ್ನು ಓದುವ ಪ್ರತಿಯೊಂದು ಮನೆಗೂ ಮಾಡುವ ವಿನಂತಿ.