ಮೈ ಸೋತರೆ ಅದು ನಿಮ್ಮ ತಪ್ಪಲ್ಲ

ಪೀಣ್ಯದ ಕಾರ್ಖಾನೆ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ರಾತ್ರಿ ಪಾಳಿ ಮಾಡುವ ಎಷ್ಟೋ ಜನ ಎದೆ ಡವಡವ, ಹೊಟ್ಟೆಯುರಿ, ಕತ್ತುನೋವು, ನಿದ್ದೆಯಿಲ್ಲ ಎನ್ನುತ್ತಾರೆ. ಜೊತೆಗೆ, “ನನ್ನ ಮನಸ್ಸೇ ಗಟ್ಟಿಯಿಲ್ಲ ಸಿಸ್ಟರ್” ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹಾಗಲ್ಲ.

ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ 2 ಪುಟ್ಟ ಗ್ರಂಥಿಗಳಿವೆ. ಒತ್ತಡ ಬಂದಾಗ ಇವು ಅಡ್ರಿನಲಿನ್, ಕಾರ್ಟಿಸಾಲ್ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ, ರಕ್ತದೊತ್ತಡ, ಸಕ್ಕರೆ ಏರುತ್ತವೆ. ಇದು ದೇಹದ ಕಾವಲು. ನೀವು ಬೇಡವೆಂದರೂ ನಿಲ್ಲದು. ಒತ್ತಡ ತಿಂಗಳುಗಟ್ಟಲೆ ಉಳಿದರೆ ಕಾವಲಿಗೆ ಬಿಡುವಿಲ್ಲದೆ ಮೈ ಸೋಲುತ್ತದೆ.

ನೆನಪಿಡಿ:
• ಪಾಳಿ ಮುಗಿದ ಮೇಲೆ ಕತ್ತಲ ಕೋಣೆಯಲ್ಲಿ ಮಲಗಿ. ಮಲಗುವ ಮುಂಚೆ ಕಾಫಿ, ಟೀ ಬೇಡ.
• ಎದೆನೋವು ಬಂದರೆ “ಟೆನ್ಷನ್” ಎಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಬನ್ನಿ.
• ಮನಸ್ಸು ಭಾರವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.