ಗೈಡ್ ರಾಡಿನ ಆಯ್ಕೆ

ಕಾಡುಗಳ್ಳ ವೀರಪ್ಪನ್‌ನ ಶೋಧ ನಡೆಯುತ್ತಿದ್ದ ಕಾಲದಲ್ಲಿ, ವಿಶೇಷತಃ 2000ದ ಜುಲೈ 30ರಂದು ಗಡಿಯಾಚೆಯ ದೊಡ್ಡಗಾಜನೂರಿನಿಂದ ನಟ ರಾಜಕುಮಾರರ ಅಪಹರಣವಾದ ತರುವಾಯ, ಸತ್ಯಮಂಗಲದ ಹೆದ್ದಾರಿ ಕಾಡನ್ನು ಹೊಗುವ ಪುಣಜನೂರಿನ ಸೀಮೆಯಲ್ಲಿ ಗಸ್ತು ತಿರುಗುತ್ತಿದ್ದ ಪೊಲೀಸ್ ತುಕಡಿಗಳ ಆಯುಧಗಳನ್ನು ಬಿಚ್ಚಿ, ಒರೆಸಿ, ಸರಿಪಡಿಸಿಕೊಡುವ ಆರ್ಮರರ್ ವೃತ್ತಿ ನನ್ನದಾಗಿತ್ತು. ನನ್ನ ಮೇಜಿಗೆ ಬರುತ್ತಿದ್ದ ಪಿಸ್ತೂಲುಗಳು ಬಹುಮಟ್ಟಿಗೆ ಈಶಾಪುರದ ರೈಫಲ್ ಕಾರ್ಖಾನೆಯ 9 ಎಂ.ಎಂ.ನವು, ಜಾನ್ ಬ್ರೌನಿಂಗ್ ಆರಂಭಿಸಿ, ಆತ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಮ್ಮಿನ ವಿನ್ಯಾಸಕ ಸೇವ್ ಪೂರ್ಣಗೊಳಿಸಿದ ಹೈ-ಪವರ್ ಪಿಸ್ತೂಲಿನ ವಂಶದವು.

ಗುಂಡು ಹಾರಿದೊಡನೆ ಹಿಂದಕ್ಕೆ ನುಗ್ಗುವ ಸ್ಲೈಡನ್ನು ತಡೆದು ಮರಳಿ ಮುಂದಕ್ಕೆ ತಳ್ಳುವುದು ರಿಕಾಯಿಲ್ ಸ್ಪ್ರಿಂಗಿನ ಕಾರ್ಯ. ಆ ಸ್ಪ್ರಿಂಗು ಅದುಮಿದಾಗ ಡೊಂಕಾಗದಂತೆ ಒಳಗೆ ನಿಂತು ಕಾಯುವುದು ಗೈಡ್ ರಾಡಿನ ಧರ್ಮ. ವಾಲ್ಥರ್ ಪಿಪಿಕೆಯಂತಹ ಪಿಸ್ತೂಲುಗಳಲ್ಲಿ ಸ್ಪ್ರಿಂಗು ಬ್ಯಾರಲಿನ ಸುತ್ತಲೇ ಇರುವುದರಿಂದ ರಾಡಿನ ಪ್ರಶ್ನೆಯೇ ಏಳುವುದಿಲ್ಲ. ಹೈ-ಪವರಿನ ರಾಡಿಗಾದರೋ ಇನ್ನೊಂದು ಹೊಣೆಯುಂಟು. ಅದರ ತಲೆಯೊಳಗೆ ಸಣ್ಣದೊಂದು ಸ್ಪ್ರಿಂಗಿನ ಒತ್ತಡದಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಉಕ್ಕಿನ ಗುಂಡೊಂದು ಕುಳಿತಿದ್ದು, ರಾಡಿನ ತಲೆಯ ರಂಧ್ರದಲ್ಲಿ ಹಾದುಹೋಗುವ ಸ್ಲೈಡ್ ಸ್ಟಾಪಿನ, ಎಂದರೆ ಮ್ಯಾಗಜೀನು ಬರಿದಾದಾಗ ಸ್ಲೈಡನ್ನು ಹಿಂದೆ ನಿಲ್ಲಿಸುವ ಸನ್ನೆಯ, ಕಂಬಿಯನ್ನು ಅದುಮಿ ಹಿಡಿದಿರುತ್ತದೆ.

ಈ ಗುಂಡನ್ನು ಗಣಿಸದೆ, ಲೇತಿನಲ್ಲಿ ಕಡೆದು ಕನ್ನಡಿಯಂತೆ ಹೊಳಪಿಟ್ಟ ದಪ್ಪ ರಾಡೊಂದನ್ನು ಅಧಿಕಾರಿಯೊಬ್ಬರು ತಮ್ಮ ಪಿಸ್ತೂಲಿಗೆಂದು ಮಾಡಿಸಿ ತಂದು, ಇದರಿಂದ ಕೈಗೆ ಬೀಳುವ ಒದೆತ ಅರ್ಧಕ್ಕಿಳಿಯುವುದೆಂದು ಹೇಳಿದರು. ಅಭ್ಯಾಸದ ಮೈದಾನದಲ್ಲಿ ನಡೆದುದೇ ಬೇರೆ: ಮ್ಯಾಗಜೀನಿನಲ್ಲಿ ಗುಂಡುಗಳಿನ್ನೂ ಉಳಿದಿರುವಾಗಲೇ ಸಡಿಲಗೊಂಡ ಸ್ಲೈಡ್ ಸ್ಟಾಪು ಮೇಲಕ್ಕೆದ್ದು, ಸ್ಲೈಡು ಹಿಂದೆಯೇ ಸಿಕ್ಕಿಕೊಂಡಿತು. ಶಸ್ತ್ರಾಗಾರದ ಹಿರಿಯ ಆರ್ಮರರ್ ಆ ರಾಡನ್ನು ಅಂಗೈಯಲ್ಲಿ ತೂಗಿ ನೋಡಿ, “ರಾಡ್ ಹೊಳಪು ನೋಡ್ಬೇಡ ಕಣಪ್ಪ, ಮೊದ್ಲು ಸ್ಪ್ರಿಂಗ್ ಅಳೆ” ಎಂದು ನನಗೆ ಹೇಳಿದರೇ ಹೊರತು ಅಧಿಕಾರಿಗಳಿಗೆ ಏನನ್ನೂ ಹೇಳಲಿಲ್ಲ. ಇಲಾಖೆಯಲ್ಲಿ ಅದೂ ಒಂದು ವಿವೇಕ.

ಅಳೆದು ನೋಡಿದಾಗ ಹಳೆಯ ಸ್ಪ್ರಿಂಗು ಹೊಸದರ ಮಗ್ಗುಲಲ್ಲಿ ಸ್ಪಷ್ಟವಾಗಿ ಗಿಡ್ಡವಾಗಿತ್ತು. ಸ್ಪ್ರಿಂಗು ಸೋತರೆ ಸ್ಲೈಡು ಫ್ರೇಮಿಗೆ ಬಲವಾಗಿ ಬಡಿಯತೊಡಗುತ್ತದೆ, ಒದೆತವೂ ಒರಟಾಗುತ್ತದೆ. ಅತಿಯಾಗಿ ಬಿಗಿಯಾದುದನ್ನು ಹಾಕಿದರೆ ಸ್ಲೈಡು ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಒಳಗೇ ಸಿಕ್ಕಿಬೀಳುತ್ತದೆ. ಕಾರ್ಖಾನೆಯ ರಾಡನ್ನೇ ಉಳಿಸಿ, ಕಾರ್ಖಾನೆಯ ಅಳತೆಯ ಹೊಸ ಸ್ಪ್ರಿಂಗನ್ನು ಕೂಡಿಸಿದ ಮೇಲೆ ಆ ಪಿಸ್ತೂಲಿನ ದೂರು ಮತ್ತೆ ಬರಲಿಲ್ಲ.

ಅಂದಿನಿಂದ ರಾಡನ್ನು ಆರಿಸುವಾಗ ನಾನು ನೋಡುವ ಕ್ರಮವೇ ಬೇರೆ. ತಲೆಯ ಗುಂಡು ಉಗುರಿನಿಂದ ಒತ್ತಿದರೆ ಒಳಸರಿದು ಮರಳಿ ಏಳಬೇಕು, ರಾಡನ್ನು ಗಾಜಿನ ಮೇಲೆ ಉರುಳಿಸಿದರೆ ಕುಲುಕಬಾರದು, ಸ್ಪ್ರಿಂಗಿನ ಸುರುಳಿಗಳು ಅದರ ಮೇಲೆ ಉಜ್ಜದೆ ಜಾರಬೇಕು. ಲೋಹದ ಪ್ರಶ್ನೆ ಆಮೇಲಿನದು. ಗ್ಲಾಕಿನ ಮೊದಲ ತಲೆಮಾರುಗಳಲ್ಲಿ ಪ್ಲಾಸ್ಟಿಕ್ಕಿನ ರಾಡನ್ನೇ ಕೊಟ್ಟಿದ್ದರೂ ಆ ಪಿಸ್ತೂಲಿನ ವಿಶ್ವಾಸಾರ್ಹತೆ ಲೋಕಪ್ರಸಿದ್ಧವಾಗಿದೆ. ಪ್ಲಾಸ್ಟಿಕ್ಕೆಂದು ಮೂಗು ಮುರಿಯುವವರು ಅದಕ್ಕೆ ತುಕ್ಕು ಹಿಡಿಯದೆಂಬುದನ್ನು ಮರೆಯುತ್ತಾರೆ.

ಬೇಸಗೆಯಲ್ಲಿ ಪುಣಜನೂರಿನಿಂದ ಬೇಡಗುಳಿಯ ಕಡೆಗೆ ನಡೆದು ಮರಳಿದ ತುಕಡಿಯ ಪಿಸ್ತೂಲುಗಳನ್ನು ಬಿಚ್ಚಿದರೆ, ಎಣ್ಣೆ ಧಾರಾಳವಾಗಿ ಸುರಿದ ರಾಡುಗಳ ಮೇಲೆ ಕೆಮ್ಮಣ್ಣು ಕೆಸರಿನಂತೆ ಮೆತ್ತಿರುತ್ತಿತ್ತು. ಆದುದರಿಂದ ಎಣ್ಣೆಯಲ್ಲಿ ಅದ್ದಿ ಹಿಂಡಿದ ಚಿಂದಿಯಿಂದ ಒಮ್ಮೆ ಸವರುವುದಕ್ಕೆ ಮಾತ್ರ ನನ್ನ ಅನುಮತಿಯಿತ್ತು. ಇನ್ನು ರಾಡಿನ ತೂಕದ ಮಾತು: ಪಂದ್ಯಗಳಲ್ಲಿ ಗುರಿ ಹೊಡೆಯುವವರಿಗೆ ಟಂಗ್‌ಸ್ಟನ್ನಿನ ಭಾರವಾದ ರಾಡು ಪ್ರಯೋಜನಕರವೇ, ಏಕೆಂದರೆ ಮುಂಭಾಗದ ತೂಕ ಪಿಸ್ತೂಲಿನ ಮೂತಿ ಮೇಲೇಳುವುದನ್ನು ತುಸು ತಗ್ಗಿಸುತ್ತದೆ. ದಿನವಿಡೀ ಸೊಂಟದಲ್ಲಿ ಹೊತ್ತು ಕಾಡು ಸುತ್ತುವವನಿಗಾಗಿ ಅಂತಹುದೊಂದನ್ನು ನಾನೆಂದೂ ಕೋರಿ ಬರೆಯಲಿಲ್ಲ.